ಕೆನಡಾ ಸ್ಪೌಸಲ್ ಸ್ಪಾನ್ಸರ್‌ಶಿಪ್: ಇಬ್ಬರೂ ಒಟ್ಟಿಗೆ ಹೊರಡಲು ಕಾಯುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಗಂಡ ಕೆನಡಾ ಪ್ರಜೆ. ಮದುವೆಯಾದ ಮೇಲೆ ಮೂರು ವರ್ಷ ನಾವಿಬ್ಬರೂ ಭಾರತದಲ್ಲೇ ಇದ್ದೆವು. ಆಮೇಲೆ ಒಟ್ಟಿಗೇ ಕೆನಡಾಕ್ಕೆ ಹೋಗೋಣ ಅಂತ ತೀರ್ಮಾನ ಮಾಡಿ, ಅವರು ನನ್ನ ಹೊಣೆ ಹೊತ್ತು ಅಲ್ಲಿಗೆ ಕರೆಸಿಕೊಳ್ಳುವ ಸ್ಪೌಸಲ್ ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿದೆವು. ಕಾದಿದ್ದು ಹದಿನಾಲ್ಕು ತಿಂಗಳು. ಆ ದಿನಗಳಲ್ಲಿ ನಮ್ಮನ್ನು ಕಾಡಿದ ಪ್ರಶ್ನೆಗಳು, ಈಗ ಅದೇ ದಾರಿಯಲ್ಲಿರುವ ಗೆಳತಿಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು, ಎಲ್ಲ ಇಲ್ಲಿವೆ. ನಾನು ವಕೀಲೆ ಅಲ್ಲ. ನಿಯಮ, ಶುಲ್ಕ ಎರಡೂ ಬದಲಾಗುತ್ತಿರುತ್ತವೆ. ಅರ್ಜಿ ಕಳಿಸುವ ದಿನ ಕೆನಡಾದ ವಲಸೆ ಇಲಾಖೆ ಐಆರ್‌ಸಿಸಿಯ ವೆಬ್‌ಸೈಟ್ ಇನ್ನೊಂದು ಸಲ ನೋಡಲೇಬೇಕು.

ನನ್ನ ಗಂಡ ಈಗ ಕೆನಡಾದಲ್ಲಿ ಇಲ್ಲ, ನನ್ನ ಜೊತೆ ಇಲ್ಲೇ ಇದ್ದಾರೆ. ಆದರೂ ಸ್ಪಾನ್ಸರ್ ಮಾಡಬಹುದಾ?

ಅವರು ಪ್ರಜೆಯಾಗಿದ್ದರೆ ಮಾಡಬಹುದು. ಬರೀ ಪಿಆರ್, ಅಂದರೆ ಪ್ರಜೆಯಾಗದೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಮಾತ್ರ ಇದ್ದರೆ ಆಗಲ್ಲ. ಪಿಆರ್ ಇರುವವರು ಕೆನಡಾದಲ್ಲಿ ವಾಸವಿದ್ದೇ ಸ್ಪಾನ್ಸರ್ ಮಾಡಬೇಕು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಪಿಆರ್ ಇರುವ ಗಂಡ ರಜೆ ಹಾಕಿ ಬಂದು, ಹೆಂಡತಿಯ ಜೊತೆ ಒಂದು ವರ್ಷ ಇದ್ದು, ಇಲ್ಲಿಂದಲೇ ಅರ್ಜಿ ಹಾಕೋಣ ಅಂದುಕೊಂಡರೆ ಅದು ನಡೆಯಲ್ಲ.

ಪ್ರಜೆಗೂ ಒಂದು ಷರತ್ತು ಇದೆ. ನಿಮಗೆ ಪಿಆರ್ ಸಿಗುವ ಹೊತ್ತಿಗೆ ತಾನೂ ಕೆನಡಾದಲ್ಲಿ ವಾಸ ಮಾಡುತ್ತೇನೆ ಅಂತ ಅವರು ತೋರಿಸಬೇಕು. ಇದರ ಜೊತೆ ಕ್ವಿಬೆಕ್ ಪ್ರಾಂತ್ಯಕ್ಕೆ ಹೋಗುವವರಿಗೆ ಆ ಪ್ರಾಂತ್ಯದ್ದೇ ಬೇರೆ ಅರ್ಜಿ, ಬೇರೆ ಶುಲ್ಕ ಇದೆ. ನಾನಿಲ್ಲಿ ಬರೆಯುತ್ತಿರುವುದು ಉಳಿದ ಪ್ರಾಂತ್ಯಗಳ ಲೆಕ್ಕ.

ವಾಪಸ್ ಹೋಗ್ತೀವಿ ಅಂತ ತೋರಿಸೋದು ಹೇಗೆ? ಇಲ್ಲಿ ಕೆಲಸ ಬಿಟ್ಟಿಲ್ಲ, ಅಲ್ಲಿ ಮನೆ ಇಲ್ಲ.

ನಮ್ಮ ತಲೆ ತಿಂದ ಪ್ರಶ್ನೆ ಇದೇ. ಹೊರಡುವುದು ಖಂಡಿತ ಅಂತ ಸಾಬೀತು ಮಾಡಬೇಕು. ಆದರೆ ಯಾವಾಗ ಹೊರಡುತ್ತೇವೆ ಅನ್ನೋದು ನಮ್ಮ ಕೈಯಲ್ಲಿ ಇಲ್ಲ. ಹಾಗಂತ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಅದನ್ನೇ ಪುರಾವೆ ಅಂತ ಕೊಡಬೇಕಾಗಿಲ್ಲ.

ನಾವು ಕೊಟ್ಟಿದ್ದು ಇಷ್ಟು. ಬಂದ ಮೇಲೆ ಮೊದಲ ಕೆಲವು ತಿಂಗಳು ನಮ್ಮ ಮನೆಯಲ್ಲೇ ಇರಲಿ ಅಂತ ಕೆನಡಾದಲ್ಲಿರುವ ನಾದಿನಿ ಬರೆದು ಸಹಿ ಮಾಡಿದ ಪತ್ರ, ಅವಳ ಮನೆಯ ವಿಳಾಸದ ದಾಖಲೆ ಸಮೇತ. ಗಂಡ ಅಲ್ಲಿನ ಕೆಲಸಗಳಿಗೆ ಅರ್ಜಿ ಹಾಕಿದ್ದ ಮೇಲ್‌ಗಳು. ಅಲ್ಲಿ ಅವರು ಇನ್ನೂ ಚಾಲ್ತಿಯಲ್ಲಿಟ್ಟಿದ್ದ ಬ್ಯಾಂಕ್ ಖಾತೆಯ ವಿವರ. ಸಾಮಾನು ಸಾಗಿಸಲು ಎರಡು ಕಡೆ ಕೇಳಿ ತರಿಸಿಕೊಂಡ ದರಪಟ್ಟಿ. ಕೊನೆಗೆ ಒಂದು ಪುಟದ ಪತ್ರ: ಯಾವ ಊರಿಗೆ, ಯಾಕೆ ಆ ಊರು, ಮೊದಲ ಮೂರು ತಿಂಗಳು ಖರ್ಚಿಗೆ ಏನು, ಇಲ್ಲಿಯ ಕೆಲಸದಲ್ಲಿ ನೋಟಿಸ್ ಎಷ್ಟು ದಿನ. ಆ ಪತ್ರ ಬರೆಯಲು ಕೂತಾಗಲೇ ನಮಗೂ ಗೊತ್ತಾಗಿದ್ದು, ಅಲ್ಲಿಯವರೆಗೆ ನಾವು ಊರಿನ ಹೆಸರನ್ನೇ ಸರಿಯಾಗಿ ಮಾತಾಡಿಕೊಂಡಿರಲಿಲ್ಲ ಅಂತ. ಅವರ ಮನಸ್ಸಿನಲ್ಲಿ ಒಂದು ಊರು ಇತ್ತು, ನನ್ನ ಮನಸ್ಸಿನಲ್ಲಿ ಇನ್ನೊಂದು.

ಸ್ಪಾನ್ಸರ್ ಮಾಡುವವರಿಗೆ ಇಷ್ಟೇ ಸಂಬಳ ಇರಬೇಕು ಅಂತ ಇದೆಯಾ?

ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಲು ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿ ಇಲ್ಲ. ಅಪ್ಪ ಅಮ್ಮನನ್ನು ಕರೆಸುವ ನಿಯಮದ ಜೊತೆ ಇದನ್ನು ಕಲಸಿಕೊಳ್ಳಬೇಡಿ. ಆದರೆ ಸ್ಪಾನ್ಸರ್ ಸರ್ಕಾರದ ಸಾಮಾಜಿಕ ನೆರವಿನಲ್ಲಿ ಬದುಕುತ್ತಿರಬಾರದು, ಅಂಗವೈಕಲ್ಯದ ಕಾರಣಕ್ಕೆ ಸಿಗುವ ನೆರವು ಮಾತ್ರ ಇದಕ್ಕೆ ಹೊರತು. ದಿವಾಳಿ ಎದ್ದು ಇನ್ನೂ ಅದರಿಂದ ಬಿಡುಗಡೆ ಆಗಿಲ್ಲದಿದ್ದರೂ ಆಗಲ್ಲ. ತಾವೇ ಹಿಂದೆ ಸಂಗಾತಿಯ ಸ್ಪಾನ್ಸರ್‌ಶಿಪ್ ಮೇಲೆ ಬಂದವರು, ಪಿಆರ್ ಆಗಿ 5 ವರ್ಷ ಕಳೆಯುವ ತನಕ ಇನ್ನೊಬ್ಬ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ.

ಇನ್ನೊಂದು ಮುಖ್ಯ ವಿಷಯ. ಸ್ಪಾನ್ಸರ್ ಸಹಿ ಹಾಕುವುದು ಒಂದು ಜವಾಬ್ದಾರಿ ಪತ್ರಕ್ಕೆ. ನೀವು ಪಿಆರ್ ಆದ ದಿನದಿಂದ 3 ವರ್ಷ ನಿಮ್ಮ ಊಟ, ಬಟ್ಟೆ, ವಸತಿಯ ಹೊಣೆ ಅವರದು. ನಡುವೆ ವಿಚ್ಛೇದನವಾದರೂ ಆ ಹೊಣೆ ಹೋಗಲ್ಲ. ಸಹಿ ಮಾಡುವ ಮುಂಚೆ ಇಬ್ಬರೂ ಕೂತು ಓದಿ.

ಒಟ್ಟು ಖರ್ಚು ಎಷ್ಟು?

2024ರ ಏಪ್ರಿಲ್ 30ರಂದು ಬಂದ ಶುಲ್ಕದ ಪ್ರಕಾರ ಸ್ಪಾನ್ಸರ್ ಅರ್ಜಿಗೆ 85 ಡಾಲರ್, ನಿಮ್ಮ ಅರ್ಜಿಗೆ 545, ಪಿಆರ್ ಹಕ್ಕಿನ ಶುಲ್ಕ 575. ಒಟ್ಟು 1205 ಕೆನಡಾ ಡಾಲರ್ ಇತ್ತು. ಬೆರಳಚ್ಚು, ಫೋಟೋ ಅಂದರೆ ಬಯೋಮೆಟ್ರಿಕ್ಸ್‌ಗೆ ಇನ್ನೂ 85. ಪಿಆರ್ ಶುಲ್ಕಗಳನ್ನು ಎರಡು ವರ್ಷಕ್ಕೊಮ್ಮೆ ಏರಿಸುವ ಪದ್ಧತಿ ಇದೆ, ಆದ್ದರಿಂದ ಕಟ್ಟುವ ದಿನದ ದರ ನೋಡಿಕೊಳ್ಳಿ. ವೈದ್ಯಕೀಯ ಪರೀಕ್ಷೆ, ಪೊಲೀಸ್ ಪ್ರಮಾಣಪತ್ರ, ಅನುವಾದ ಇವೆಲ್ಲ ಬೇರೆ. ಪಿಆರ್ ಹಕ್ಕಿನ ಶುಲ್ಕ, ಅರ್ಜಿ ತಿರಸ್ಕಾರವಾದರೆ ಅಥವಾ ಪಿಆರ್ ಆಗುವ ಮೊದಲೇ ನೀವು ವಾಪಸ್ ತೆಗೆದುಕೊಂಡರೆ ಮರಳಿ ಬರುತ್ತದೆ.

ಮದುವೆ ನಿಜವಾದದ್ದು ಅಂತ ತೋರಿಸಲು ಏನೇನು ಹಾಕಬೇಕು? ನಮ್ಮದು ಮನೆಯವರು ನೋಡಿ ಮಾಡಿದ ಮದುವೆ.

ಅದರಿಂದ ಏನೂ ತೊಂದರೆ ಇಲ್ಲ. ಅಧಿಕಾರಿ ನೋಡುವುದು ಎರಡೇ: ಮದುವೆ ನಿಜವಾದದ್ದಾ, ಬರೀ ವಲಸೆಗೋಸ್ಕರ ಆಗಿದ್ದಾ. ಫಾರ್ಮ್ ಐಎಂಎಂ 5532ರಲ್ಲಿ ಹೇಗೆ ಭೇಟಿಯಾದಿರಿ, ಯಾರು ಪರಿಚಯ ಮಾಡಿಸಿದರು, ಮದುವೆಗೆ ಯಾರ್ಯಾರು ಬಂದಿದ್ದರು ಅಂತೆಲ್ಲ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೇ ಬರೆಯಿರಿ. ಹುಡುಗಿ ನೋಡಲು ಬಂದ ದಿನ, ಆಮೇಲೆ ಒಂದು ತಿಂಗಳು ಫೋನ್‌ನಲ್ಲಿ ಮಾತಾಡಿದ್ದು, ನಿಶ್ಚಿತಾರ್ಥ, ಮದುವೆ, ಎಲ್ಲ ತಾರೀಖು ಸಮೇತ. ಪ್ರೇಮಕಥೆ ಕಟ್ಟಲು ಹೋಗಬೇಡಿ. ನಿಮ್ಮ ಕಥೆಗೂ ಗಂಡನ ಕಥೆಗೂ ತಾರೀಖು ತಾಳೆಯಾಗದಿದ್ದರೆ ಅದೇ ದೊಡ್ಡ ತಲೆನೋವು.

ಫೋಟೋ 20ಕ್ಕಿಂತ ಹೆಚ್ಚು ಬೇಡ ಅಂತ ಅವರ ಪಟ್ಟಿಯಲ್ಲೇ ಇದೆ. ಮದುವೆಯದ್ದೇ ಇಪ್ಪತ್ತೂ ಹಾಕಬೇಡಿ. ನಾವು ಮದುವೆಯದ್ದು ಆರೇ ಹಾಕಿ, ಉಳಿದದ್ದೆಲ್ಲ ಆಮೇಲಿನ ವರ್ಷಗಳದ್ದು ಹಾಕಿದೆವು. ಒಟ್ಟಿಗೆ ವಾಸ ಮಾಡಿದ್ದಕ್ಕೆ ಬಾಡಿಗೆ ಕರಾರು, ಗ್ಯಾಸ್ ಕನೆಕ್ಷನ್ ಪುಸ್ತಕ, ವಿಮೆಯಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ನಾಮಿನಿ ಆಗಿರುವುದು, ಇವೆಲ್ಲ ಫೋಟೋಗಿಂತ ಜಾಸ್ತಿ ತೂಕದ್ದು ಅಂತ ನನ್ನ ಅನಿಸಿಕೆ.

ಮದುವೆ ನೋಂದಣಿ ಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು, ಅನುವಾದಕರ ಅಫಿಡವಿಟ್ ಸಮೇತ. ನಿಮ್ಮ ಮನೆಯವರೇ ಅನುವಾದ ಮಾಡಿಕೊಡುವಂತಿಲ್ಲ. ವಿಡಿಯೋ ಕರೆಯಲ್ಲಿ, ಅಂದರೆ ಮದುವೆಯ ಹೊತ್ತಿಗೆ ಒಬ್ಬರು ಅಲ್ಲಿ ಇಲ್ಲದೆ ಆದ ಮದುವೆಯನ್ನು 2015ರಿಂದ ವಲಸೆಗೆ ಒಪ್ಪುವುದಿಲ್ಲ.

ಪೊಲೀಸ್ ಪ್ರಮಾಣಪತ್ರ ಎಲ್ಲೆಲ್ಲಿಂದ ಬೇಕು?

ಹದಿನೆಂಟು ತುಂಬಿದ ಮೇಲೆ, ಕಳೆದ 10 ವರ್ಷದಲ್ಲಿ ಸತತವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಇದ್ದ ದೇಶಗಳದ್ದು ಅಂತ ಸಾಮಾನ್ಯವಾಗಿ ಲೆಕ್ಕ. ನಿಮಗೆ ಯಾವ ದೇಶದ್ದು ಬೇಕು ಅಂತ ಇಲಾಖೆಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಭಾರತದ್ದಾದರೆ ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುತ್ತದೆ. ಹಿಂದೆ ಕೊಲ್ಲಿ ದೇಶದಲ್ಲೋ ಬೇರೆಲ್ಲೋ ಕೆಲಸ ಮಾಡಿದ್ದರೆ ಅಲ್ಲಿಯದ್ದನ್ನು ಮೊದಲು ಶುರು ಮಾಡಿ, ನಿಧಾನ ಆಗುವುದು ಅದೇ. ಹಾಗೇ ಹಿನ್ನೆಲೆ ಫಾರ್ಮ್ ತುಂಬುವಾಗ ತಿಂಗಳು ತಿಂಗಳಿಗೆ ಲೆಕ್ಕ ಕೊಡಿ. ಕೆಲಸವಿಲ್ಲದೆ ಮನೆಯಲ್ಲಿದ್ದ ತಿಂಗಳುಗಳನ್ನೂ ಹಾಗೇ ಬರೆಯಿರಿ. ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತದೆ.

ಎಷ್ಟು ತಿಂಗಳು ಆಗುತ್ತೆ? ಒಂದು ತಾರೀಖು ಹೇಳಿ.

ಹೇಳಲು ಆಗಲ್ಲ. 12 ತಿಂಗಳು ಅನ್ನೋದು ಇಲಾಖೆ ತುಂಬಾ ವರ್ಷದಿಂದ ಹೇಳುತ್ತಾ ಬಂದ ಗುರಿ, ಅದು ಯಾರಿಗೂ ಕೊಟ್ಟ ಮಾತಲ್ಲ. ವೆಬ್‌ಸೈಟ್‌ನಲ್ಲಿ ಕಾಣುವ ಅಂದಾಜು ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ನಾನು ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಿದ್ದೆ. ಒಂದು ದಿನ ಒಂದು ತಿಂಗಳು ಕಡಿಮೆ ತೋರಿಸಿದರೆ ಅವತ್ತು ಹಬ್ಬ, ಜಾಸ್ತಿ ತೋರಿಸಿದರೆ ಅವತ್ತಿಡೀ ಯಾರ ಜೊತೆಗೂ ಮಾತು ಬೇಡ.

ತಾರೀಖಿನ ಬದಲು ಮೆಟ್ಟಿಲು ಎಣಿಸಿ. ಮೊದಲು ಅರ್ಜಿ ತಲುಪಿದೆ ಅನ್ನುವ ಪತ್ರ, ಎಲ್ಲರೂ ಎಒಆರ್ ಅನ್ನುತ್ತಾರೆ. ಆಮೇಲೆ ಬಯೋಮೆಟ್ರಿಕ್ಸ್ ಪತ್ರ, ಅದು ಬಂದ 30 ದಿನದೊಳಗೆ ಕೊಡಬೇಕು. ಸ್ಪಾನ್ಸರ್‌ಗೆ ಅರ್ಹತೆ ಇದೆ ಅನ್ನುವ ತೀರ್ಮಾನ. ವೈದ್ಯಕೀಯ ಪರೀಕ್ಷೆ. ನಿಮ್ಮ ಅರ್ಹತೆ ಮತ್ತು ಹಿನ್ನೆಲೆ ತನಿಖೆ. ಕೆಲವರಿಗೆ ಸಂದರ್ಶನ. ಕೊನೆಗೆ ವೀಸಾ ಹಾಕಲು ಪಾಸ್‌ಪೋರ್ಟ್ ಕೇಳುವ ಮೇಲ್. ಎಲ್ಲರಿಗೂ ಇದೇ ಸಾಲಿನಲ್ಲಿ ಬರುತ್ತದೆ ಅಂತಲೂ ಇಲ್ಲ.

ಮನೆ ಯಾವಾಗ ಬಿಡಬೇಕು? ಕೆಲಸಕ್ಕೆ ರಾಜೀನಾಮೆ ಯಾವಾಗ?

ಪಾಸ್‌ಪೋರ್ಟ್ ಕೇಳುವ ಮೇಲ್ ಬರುವ ತನಕ ಎರಡನ್ನೂ ಮಾಡಬೇಡಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನಾವು ಮಾಡಿದ ತಪ್ಪು ಇದೇ. ಹತ್ತನೇ ತಿಂಗಳಲ್ಲಿ ವೈದ್ಯಕೀಯ ಪರೀಕ್ಷೆ ಪಾಸಾಯಿತು ಅಂತ ಅರ್ಜಿಯ ಆನ್‌ಲೈನ್ ಖಾತೆಯಲ್ಲಿ ಕಂಡಿತು. ಇನ್ನೇನು ಎರಡು ತಿಂಗಳು ಅಂದುಕೊಂಡು ಮನೆ ಮಾಲೀಕರಿಗೆ ಹೇಳಿಬಿಟ್ಟೆವು. ಅವರು ಬೇರೆಯವರಿಗೆ ಕೊಡುವ ಮಾತು ಕೊಟ್ಟಾಗಿತ್ತು. ಮೇಲ್ ಬಂದದ್ದು ಮತ್ತೆ ನಾಲ್ಕು ತಿಂಗಳಾದ ಮೇಲೆ. ಆ ಕೊನೆಯ ಎರಡು ತಿಂಗಳು ಅತ್ತೆ ಮಾವನ ಮನೆಯ ಒಂದು ಕೋಣೆಯಲ್ಲಿ, ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆ ಜೋಡಿಸಿಕೊಂಡು ಕಳೆದೆವು. ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಬರೆದಿರಲಿಲ್ಲ. ಒಂದು ಸಲ ಮದುವೆ ಪತ್ರದ ಮೂಲ ಪ್ರತಿ ಬೇಕಾಗಿ ಒಂಬತ್ತು ಪೆಟ್ಟಿಗೆ ಬಿಚ್ಚಿದೆವು. ಅತ್ತೆ ಮಾವ ಒಂದು ಮಾತೂ ಆಡಲಿಲ್ಲ, ಅದು ಅವರ ದೊಡ್ಡತನ.

ಆಮೇಲೆ ನಾವು ಕಂಡುಕೊಂಡ ದಾರಿ ಹೀಗಿದೆ. ಮಾಡಬೇಕಾದ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ: ಆರು ತಿಂಗಳು ತಡವಾದರೆ ಇದನ್ನು ಹಿಂದಕ್ಕೆ ತರಬಹುದಾ? ತರಬಹುದಾದರೆ ಇವತ್ತೇ ಮಾಡಿ. ಹಳೆಯ ಪುಸ್ತಕ ಕೊಡುವುದು, ದಾಖಲೆ ಸ್ಕ್ಯಾನ್ ಮಾಡುವುದು, ಪದವಿ ಪ್ರಮಾಣಪತ್ರಗಳ ಮೌಲ್ಯಮಾಪನಕ್ಕೆ ಕಳಿಸುವುದು, ಹಲ್ಲು ತೋರಿಸಿಕೊಳ್ಳುವುದು. ಹಿಂದಕ್ಕೆ ತರಲು ಆಗದ್ದು, ಅಂದರೆ ಮನೆ, ಕೆಲಸ, ಗಾಡಿ ಮಾರುವುದು, ವಾಪಸ್ ಹಣ ಬರದ ಟಿಕೆಟ್, ಮಗುವಿನ ಶಾಲೆ ಬಿಡಿಸುವುದು, ಇವಕ್ಕೆಲ್ಲ ತಾರೀಖು ಹಾಕಬೇಡಿ, ಮೆಟ್ಟಿಲು ಹಾಕಿ. ನಾವು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದೆವು: «ಪಾಸ್‌ಪೋರ್ಟ್ ಮೇಲ್ ಬಂದ ದಿನ, ಗಾಡಿ ಮಾರಾಟಕ್ಕೆ. ವೀಸಾ ಕೈಗೆ ಬಂದ ದಿನ, ರಾಜೀನಾಮೆ ಮತ್ತು ಮನೆ.» ನೋಟಿಸ್ ಅವಧಿ ಮೂರು ತಿಂಗಳು ಇರುವವರು ಮಾತ್ರ ವೀಸಾದ ಕೊನೆಯ ದಿನವನ್ನು ನೋಡಿಕೊಂಡು ಲೆಕ್ಕ ಹಾಕಬೇಕು.

ವೈದ್ಯಕೀಯ ಪರೀಕ್ಷೆ ಮೊದಲೇ ಮಾಡಿಸಿಬಿಟ್ಟರೆ ಬೇಗ ಆಗುತ್ತಾ?

ಅವಸರ ಬೇಡ. ಪರೀಕ್ಷೆಗೆ 12 ತಿಂಗಳು ಮಾತ್ರ ಬೆಲೆ. ಅರ್ಜಿ ಎಳೆದರೆ ಮತ್ತೆ ಮಾಡಿಸಬೇಕು, ಮತ್ತೆ ದುಡ್ಡು. ಅದೂ ಅಲ್ಲದೆ ಪಿಆರ್ ವೀಸಾದ ಕೊನೆಯ ದಿನ ಸಾಮಾನ್ಯವಾಗಿ ವೈದ್ಯಕೀಯದ್ದು ಅಥವಾ ಪಾಸ್‌ಪೋರ್ಟ್‌ನದ್ದು, ಯಾವುದು ಮೊದಲು ಮುಗಿಯುತ್ತದೋ ಅದಕ್ಕೆ ಕಟ್ಟಿಕೊಂಡಿರುತ್ತದೆ. ಬೇಗ ಮಾಡಿಸಿದಷ್ಟೂ ಕೊನೆಯಲ್ಲಿ ಹೊರಡಲು ಸಿಗುವ ದಿನ ಕಡಿಮೆ. ಇಲಾಖೆ ಗುರುತಿಸಿದ ಪ್ಯಾನೆಲ್ ವೈದ್ಯರ ಹತ್ತಿರವೇ ಮಾಡಿಸಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಚಿಕಿತ್ಸೆಗೆ ಜಾಸ್ತಿ ಖರ್ಚಾಗುತ್ತದೆ ಅಂತ ತಿರಸ್ಕರಿಸುವ ನಿಯಮ ಸ್ಪಾನ್ಸರ್‌ಶಿಪ್ ಮೇಲೆ ಹೋಗುವ ಗಂಡ ಅಥವಾ ಹೆಂಡತಿಗೆ ಅನ್ವಯಿಸಲ್ಲ. ಇದು ಗೊತ್ತಿಲ್ಲದೆ ಸುಮ್ನೆ ಭಯಪಡುವವರು ತುಂಬಾ ಜನ. ಕಾಯಿಲೆ ಮುಚ್ಚಿಡಬೇಡಿ.

ಕಾಯುವ ಹೊತ್ತಿನಲ್ಲೇ ವಿಸಿಟರ್ ವೀಸಾದಲ್ಲಿ ಇಬ್ಬರೂ ಹೋಗಿಬಿಡಬಹುದಾ?

ಅರ್ಜಿ ಹಾಕಬಹುದು. ಪಿಆರ್ ಆಗುವ ಆಸೆ ಇದೆ ಅನ್ನೋ ಒಂದೇ ಕಾರಣಕ್ಕೆ ತಾತ್ಕಾಲಿಕ ವೀಸಾ ನಿರಾಕರಿಸುವಂತಿಲ್ಲ ಅಂತ ಕೆನಡಾದ ಕಾನೂನೇ ಹೇಳುತ್ತದೆ. ಆದರೆ ಅವಧಿ ಮುಗಿದಾಗ ವಾಪಸ್ ಹೊರಡುತ್ತೀರಿ ಅಂತ ಅಧಿಕಾರಿಗೆ ನಂಬಿಕೆ ಬರಬೇಕು, ಆದ್ದರಿಂದ ಸ್ಪಾನ್ಸರ್ ಅರ್ಜಿ ನಡೆಯುತ್ತಿದೆ ಅನ್ನುವುದನ್ನು ಮುಚ್ಚಿಡದೆ ಹೇಳಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ 5 ವರ್ಷ ಬಾಗಿಲು ಮುಚ್ಚುತ್ತದೆ.

ವಿಸಿಟರ್ ಆಗಿ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಅಲ್ಲಿದ್ದುಕೊಂಡು ಎಒಆರ್ ಬಂದ ಮೇಲೆ ಓಪನ್ ವರ್ಕ್ ಪರ್ಮಿಟ್‌ಗೆ, ಅಂದರೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡುವ ಅನುಮತಿಗೆ ಅರ್ಜಿ ಹಾಕುವ ದಾರಿ ಇದೆ. ಮೊದಲು ಇದು ಮುಖ್ಯವಾಗಿ ಕೆನಡಾದ ಒಳಗಿನಿಂದ ಹಾಕಿದ, ಅಂದರೆ ಇನ್‌ಲ್ಯಾಂಡ್ ಅರ್ಜಿಗೆ ಇತ್ತು. 2023ರ ಮೇ ತಿಂಗಳಿನಿಂದ ಔಟ್‌ಲ್ಯಾಂಡ್, ಅಂದರೆ ಕೆನಡಾದ ಹೊರಗಿರುವವರಿಗೆ ಅಂತ ಇರುವ ಅರ್ಜಿ ಹಾಕಿ ಕೆನಡಾದಲ್ಲಿ ಗಂಡನ ಜೊತೆ ಇರುವವರಿಗೂ ತೆರೆದಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರ ಸಂಬಳದಲ್ಲಿ ಅಲ್ಲಿ ಆರು ತಿಂಗಳು ಬದುಕುವಷ್ಟು ಕೈಯಲ್ಲಿದ್ದರೆ ಇದು ಒಳ್ಳೆಯ ದಾರಿ. ಇಲ್ಲದಿದ್ದರೆ ಬೇಡ. ಕೆಲಸ ಮಾಡುವ ಹಾಗಿಲ್ಲದೆ, ಚಳಿಗಾಲದಲ್ಲಿ, ಬೇರೆಯವರ ಮನೆಯ ನೆಲಮಾಳಿಗೆಯಲ್ಲಿ ಕಾಯುವುದು ಇಲ್ಲಿ ಕಾಯುವುದಕ್ಕಿಂತ ಕಷ್ಟ ಅಂತ ಅದನ್ನು ಅನುಭವಿಸಿದ ಗೆಳತಿಯೇ ಹೇಳಿದ್ದಾಳೆ.

ಕಾಯುವಾಗ ಮಗು ಆದರೆ?

ಕೂಡಲೇ ವೆಬ್ ಫಾರ್ಮ್ ಮೂಲಕ ತಿಳಿಸಿ. ಅರ್ಜಿಯಲ್ಲಿ ತೋರಿಸದ, ಪರೀಕ್ಷೆಗೆ ಒಳಪಡಿಸದ ಮಗುವನ್ನು ಆಮೇಲೆ ಕುಟುಂಬದ ಲೆಕ್ಕದಲ್ಲಿ ಕರೆಸಿಕೊಳ್ಳಲು ನಿಯಮವೇ ಅಡ್ಡ ಬರುತ್ತದೆ. ಅಪ್ಪ ಕೆನಡಾ ಪ್ರಜೆಯಾಗಿದ್ದರೆ ಮಗು ಹುಟ್ಟಿದಾಗಲೇ ಪ್ರಜೆಯಾಗಿರುವ ಸಾಧ್ಯತೆ ಇದೆ. ಆಗ ಮಗುವಿಗೆ ಬೇಕಾದದ್ದು ಪಿಆರ್ ಅಲ್ಲ, ಪೌರತ್ವದ ಪ್ರಮಾಣಪತ್ರ. ಅದಕ್ಕೂ ತಿಂಗಳುಗಳು ಹಿಡಿಯುತ್ತವೆ, ಜನನ ಪತ್ರ ಕೈಗೆ ಬಂದ ತಕ್ಷಣ ಶುರು ಮಾಡಿ. ಮಗು ಆಗುತ್ತದೆ ಅಂತ ಅರ್ಜಿ ನಿಲ್ಲಲ್ಲ, ಅರ್ಜಿ ಇದೆ ಅಂತ ಮಗುವನ್ನು ಮುಂದೆ ಹಾಕಬೇಕಾಗಿಯೂ ಇಲ್ಲ. ಇದು ಬಹಳ ಮನೆಗಳಲ್ಲಿ ಗುಟ್ಟಾಗಿ ನೋಯಿಸುವ ಪ್ರಶ್ನೆ, ಅದಕ್ಕೇ ಬರೆದೆ.

ತಿಂಗಳುಗಟ್ಟಲೆ ಏನೂ ಸುದ್ದಿ ಇಲ್ಲ. ಏನು ಮಾಡಲಿ?

ವಿಳಾಸ, ಪಾಸ್‌ಪೋರ್ಟ್, ಕೆಲಸ ಏನಾದರೂ ಬದಲಾಗಿದ್ದರೆ ತಿಳಿಸಿ. ಏನೂ ಬದಲಾಗಿಲ್ಲದಿದ್ದರೆ ಸುಮ್ನೆ ವಾರಕ್ಕೊಂದು ಮೇಲ್ ಹಾಕಬೇಡಿ. ಫೈಲ್‌ನಲ್ಲಿ ಅಧಿಕಾರಿಗಳು ಬರೆದಿರುವ ಟಿಪ್ಪಣಿ ನೋಡಬೇಕಾದರೆ, ಕೆನಡಾದ ಮಾಹಿತಿ ಹಕ್ಕಿನಡಿ ಗಂಡ 5 ಡಾಲರ್ ಕಟ್ಟಿ, ನಿಮ್ಮ ಒಪ್ಪಿಗೆ ಪತ್ರ ಸೇರಿಸಿ ಕೇಳಬಹುದು. ಜಿಸಿಎಂಎಸ್ ನೋಟ್ಸ್ ಅನ್ನುವುದು ಇದನ್ನೇ. ಇಲಾಖೆ ಹೇಳಿದ ಸಮಯ ಮೀರಿದ್ದರೆ ಗಂಡನ ಕ್ಷೇತ್ರದ ಸಂಸದರ ಕಚೇರಿಯಿಂದಲೂ ವಿಚಾರಿಸಬಹುದು.

ಇಬ್ಬರಿಗೂ ಇದರಿಂದ ಜಗಳ ಆಗ್ತಿದೆ.

ಆಗುತ್ತದೆ. ನಮಗೂ ಆಯಿತು. ಹೇಗೂ ಹೊರಡ್ತೀವಲ್ಲ ಅಂತ ನಾವು ಏನನ್ನೂ ಕೊಳ್ಳುತ್ತಿರಲಿಲ್ಲ. ಮಲಗುವ ಕೋಣೆಯ ಕಿಟಕಿ ಪರದೆ ಹರಿದಿತ್ತು. ಏಳು ತಿಂಗಳು ಬೆಳಿಗ್ಗೆ ಆರಕ್ಕೆ ಬಿಸಿಲು ಸೀದಾ ನನ್ನ ಮುಖಕ್ಕೆ. ಒಂದು ದಿನ ಅದಕ್ಕೇ ಜೋರು ಜಗಳ ಆಯಿತು. ಜಗಳ ಪರದೆಯದ್ದಲ್ಲ, ಇಬ್ಬರಿಗೂ ಗೊತ್ತಿತ್ತು. ಅವತ್ತು ಸಂಜೆ ಅವರು ಹೋಗಿ ನೀಲಿ ಬಣ್ಣದ ಪರದೆ ತಂದು, ಸ್ಟೂಲ್ ಮೇಲೆ ಹತ್ತಿ ತಾವೇ ಹಾಕಿದರು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ಅರ್ಜಿಯ ಮಾತು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ. ಖಾತೆ ತೆರೆದು ನೋಡುವುದೂ ಆಗಲೇ. ಉಳಿದ ದಿನ ಇಲ್ಲ. ಮನೆಯವರು «ಇನ್ನೂ ಬಂದಿಲ್ವಾ?» ಅಂತ ಕೇಳಿದರೆ «ಬಂದ ದಿನ ಮೊದಲು ನಿಮಗೇ ಹೇಳ್ತೀವಿ» ಅಂತ ಒಂದೇ ಉತ್ತರ. ಸ್ಪಾನ್ಸರ್ ಆಗಿರುವ ಗಂಡಂದಿರಿಗೂ ಒಂದು ಮಾತು: ಬಿಟ್ಟು ಹೊರಡುವುದು ನಿಮ್ಮ ಹೆಂಡತಿ. ನಿಮಗೆ ಅದು ವಾಪಸ್ ಹೋಗುವ ಊರು, ಅವಳಿಗೆ ಹೊಸದು. ಅವಳು ಕೆಲವು ದಿನ ಅಳುತ್ತಿದ್ದರೆ ಬರಲು ಇಷ್ಟವಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ.

ಸಾಮಾನು, ಒಡವೆ ತೆಗೆದುಕೊಂಡು ಹೋಗೋದು ಹೇಗೆ?

ಎರಡು ಪಟ್ಟಿ ಮಾಡಿ. ಜೊತೆಗೆ ತರುವುದು ಒಂದು, ಆಮೇಲೆ ಹಡಗಿನಲ್ಲಿ ಬರುವುದು ಇನ್ನೊಂದು. ಪ್ರತಿ ವಸ್ತುವಿನ ಎದುರು ಅಂದಾಜು ಬೆಲೆ. ಆಮೇಲೆ ಬರುವುದರ ಪಟ್ಟಿಯನ್ನು ಮೊದಲ ದಿನ ವಿಮಾನ ನಿಲ್ದಾಣದಲ್ಲೇ ಗಡಿ ಅಧಿಕಾರಿಗೆ ಕೊಡಬೇಕು, ಬಿಎಸ್‌ಎಫ್ 186 ಅನ್ನುವ ಫಾರ್ಮ್ ಇದಕ್ಕೇ ಇರುವುದು. ಹೊಸದಾಗಿ ನೆಲೆಸಲು ಬರುವ ನಿಮಗೂ, ವಾಪಸ್ ಬರುವ ಗಂಡನಿಗೂ ನಿಯಮ ಬೇರೆ. ಬರುವ ಮುಂಚೆ ನಿಮ್ಮ ವಸ್ತು ನಿಮ್ಮದಾಗಿದ್ದು ಬಳಕೆಯಲ್ಲಿ ಇದ್ದಿರಬೇಕು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಮರಳುವ ಅವರು ಸಾಮಾನ್ಯವಾಗಿ 6 ತಿಂಗಳು ಬಳಸಿರಬೇಕು. ಒಡವೆಗೆ ಫೋಟೋ ಮತ್ತು ಅಕ್ಕಸಾಲಿಗರಿಂದ ಬೆಲೆ ಬರೆಸಿಕೊಂಡ ಚೀಟಿ ಇಟ್ಟುಕೊಳ್ಳಿ. 10,000 ಕೆನಡಾ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ನಗದು ಇದ್ದರೆ ಹೇಳಲೇಬೇಕು, ಹೇಳಿದರೆ ತೊಂದರೆ ಏನಿಲ್ಲ.

ತಿರಸ್ಕಾರ ಆದರೆ?

ಔಟ್‌ಲ್ಯಾಂಡ್ ಅರ್ಜಿಯಾದರೆ ಸ್ಪಾನ್ಸರ್ 30 ದಿನದೊಳಗೆ ಇಮಿಗ್ರೇಷನ್ ಅಪೀಲ್ ಡಿವಿಜನ್‌ಗೆ ಮೇಲ್ಮನವಿ ಹಾಕಬಹುದು. ಇನ್‌ಲ್ಯಾಂಡ್ ಅರ್ಜಿಗೆ ಆ ಹಕ್ಕಿಲ್ಲ, ಫೆಡರಲ್ ಕೋರ್ಟ್‌ಗೇ ಹೋಗಬೇಕು. ಎರಡರಲ್ಲಿ ಯಾವುದು ಅಂತ ಆರಿಸುವಾಗ ಜನ ವರ್ಕ್ ಪರ್ಮಿಟ್ ಒಂದನ್ನೇ ನೋಡುತ್ತಾರೆ, ಇದನ್ನೂ ನೋಡಿ. ತಿರಸ್ಕರಿಸುವ ಮುಂಚೆ ಅಧಿಕಾರಿ ತಮ್ಮ ಅನುಮಾನ ಬರೆದು ಪತ್ರ ಕಳಿಸಿದರೆ ಅದು ನಿಮ್ಮ ಮಾತು ಹೇಳಲು ಸಿಕ್ಕ ಅವಕಾಶ. ಅವತ್ತೇ ವಕೀಲರನ್ನು ಕಾಣಿ, ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ವೀಸಾ ಬಂತು. ಮೊದಲ ದಿನ ಏನು ನೆನಪಿಡಬೇಕು?

ವೀಸಾದ ಕೊನೆಯ ದಿನದೊಳಗೆ ಕಾಲಿಡಬೇಕು, ಅದನ್ನು ಸಾಮಾನ್ಯವಾಗಿ ವಿಸ್ತರಿಸಲ್ಲ. ಗಂಡ ಜೊತೆಗೆ ಬರಬೇಕು ಅಥವಾ ಮೊದಲೇ ಬಂದಿರಬೇಕು, ನೀವೊಬ್ಬರೇ ಬಂದು ಅವರು ಭಾರತದಲ್ಲೇ ಉಳಿದರೆ ಸ್ಪಾನ್ಸರ್ ಅರ್ಹತೆಗೇ ಪೆಟ್ಟು. ಪಿಆರ್ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಅದಕ್ಕೆ ಕೆನಡಾದ ವಿಳಾಸವನ್ನು 180 ದಿನದೊಳಗೆ ಕೊಡದಿದ್ದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಕಾರ್ಡ್ ಬರುವ ತನಕ ಹೊರದೇಶಕ್ಕೆ ಹೋಗುವ ಯೋಚನೆ ಬೇಡ, ವಾಪಸ್ ವಿಮಾನ ಹತ್ತಲು ಅದು ಬೇಕು. ಕೆಲಸಕ್ಕೆ ಬೇಕಾದ ಸಿನ್ ಸಂಖ್ಯೆಯನ್ನು ಸರ್ವಿಸ್ ಕೆನಡಾ ಅನ್ನುವ ಸರ್ಕಾರಿ ಕಚೇರಿಯಲ್ಲಿ ಮಾಡಿಸಿ. ಸರ್ಕಾರಿ ಆರೋಗ್ಯ ವಿಮೆ ಪ್ರಾಂತ್ಯಕ್ಕೊಂದು ಥರ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನ ಮತ್ತು ಆಮೇಲೆ ಎರಡು ತಿಂಗಳು ಕಾಯಬೇಕು, ಆ ನಡುವಿನ ದಿನಗಳಿಗೆ ಖಾಸಗಿ ವಿಮೆ ಮಾಡಿಸಿಕೊಂಡೇ ಹೊರಡಿ.

ನಮ್ಮ ಪೆಟ್ಟಿಗೆಗಳು ನಾವು ಬಂದ ಮೂರು ತಿಂಗಳಿಗೆ ಬಂದವು. ಈ ಸಲ ಪ್ರತಿಯೊಂದರ ಮೇಲೂ ನಂಬರ್ ಇತ್ತು. ಎಂಟನೇ ಪೆಟ್ಟಿಗೆಯಲ್ಲಿ ನೀಲಿ ಪರದೆ. ಇಲ್ಲಿಯ ಕಿಟಕಿಗೆ ಉದ್ದ ಸಾಲಲಿಲ್ಲ, ಕೆಳಗೆ ಒಂದು ಪಟ್ಟಿ ಸೇರಿಸಿ ಹೊಲಿದು ಹಾಕಿದ್ದೇವೆ.